ಚಿಂಟುವಿನ ಮಂಡಿಚಿಪ್ಪು

ಪಕ್ಕದ ಮನೆ ವಿಶಾಲಾಕ್ಷಮ್ಮನವರ ಪಮೇರಿಯನ್ ನಾಯಿ ಚಿಂಟುವಿಗೆ ಮೈಸೂರಿನಿಂದ ಸಂಬಂಧ ಬಂತು ಅಂತ ಕೇಳಿದ್ದೇ ತಡ, ಮಾಜಿ ಚೇರ್ಮನ್ ಗುರುಪಾದಪ್ಪನವರ ಹೊಟ್ಟೆಗೆ ಬೆಂಕಿ ಬಿತ್ತು. ತಮ್ಮ ಮನೆಯ ರಾಜನೂ ಅದೇ ತಾಯಿಯ, ಅದೇ ಸೂಲಿನ ಗಂಡುಮರಿ. ಅದನ್ನು ಮಾತ್ರ ಯಾವ ನಾಯಿಯವರೂ ಕೇಳಿ ಬಂದಿರಲಿಲ್ಲ!

ಹೆಣ್ಣುನಾಯಿಯ ಕಡೆಯವರದು ಒಂದೇ ಷರತ್ತು. ಚಿಂಟುವಿನ ಮಂಡಿಚಿಪ್ಪು ಜಾರುವುದಿಲ್ಲ ಅಂತ ಡಾಕ್ಟರು ನೋಡಿ ಹೇಳಬೇಕು. ಇದು ಕಿವಿಗೆ ಬಿದ್ದ ಕೂಡಲೇ ಚೇರ್ಮನ್ನರು ದನದ ಆಸ್ಪತ್ರೆಯ ಜವಾನನನ್ನು ಮನೆಗೆ ಕರೆಸಿದರು.

“ಲೋ, ಚಿಂಟುಗೆ ಮಂಡಿಚಿಪ್ಪು ಜಾರುತ್ತೆ ಅಂತ ಇವತ್ತೇ ಊರೆಲ್ಲ ಸಾರಿಬಿಡು. ಇಲ್ಲದಿದ್ರೆ ನಿನ್ನನ್ನ ನೀರಿಲ್ಲದ ಊರಿಗೆ ಎತ್ತಂಗಡಿ ಮಾಡಿಸ್ತೀನಿ.”

ಜವಾನ ಕೈಕಟ್ಟಿ ನಿಂತ. “ಆಗ್ಲಿ ಬುದ್ಧಿ, ಟೀ ಅಂಗಡಿಯಿಂದ್ಲೇ ಶುರು ಮಾಡ್ತೀನಿ. ಆದ್ರೆ ಅದು ವಂಶದಲ್ಲಿ ಬರೋ ಕಾಯಿಲೆ. ಒಡಹುಟ್ಟಿದ ಮರಿ ಯಾರ ಮನೇಲಿದೆ ಅಂತ ಜನ ಕೇಳೇ ಕೇಳ್ತಾರೆ. ತಮ್ಮ ಹೆಸರು ಹೇಳ್ಬಹುದಾ?”

ಚೇರ್ಮನ್ನರು ಎಲೆಅಡಿಕೆ ಅಗಿಯುವುದನ್ನೇ ಮರೆತರು.

“ಯಾವನೋ ಅವನು, ಚಿಂಟುಗೆ ಕಾಯಿಲೆ ಅಂದೋನು? ಕಬ್ಬಿಣದ ಕಾಲು ಕಣೋ ಅದರದು!”

ಮರುದಿನ ಡಾಕ್ಟರು ಚಿಂಟುವಿನ ಮಂಡಿ ಒತ್ತಿ ನೋಡುವಾಗ ವಿಶಾಲಾಕ್ಷಮ್ಮನವರು ನೆಮ್ಮದಿಯಾಗಿ ಬೆಂಚಿನ ಮೇಲೆ ಕೂತಿದ್ದರು. ಚೇರ್ಮನ್ನರು ಮಾತ್ರ ಆಸ್ಪತ್ರೆ ಎದುರಿನ ಗಣಪತಿ ಗುಡಿಯಲ್ಲಿ ಹಣ್ಣುಕಾಯಿ ಹಿಡಿದು ನಿಂತಿದ್ದರು.

“ಯಾರ ಹೆಸರಲ್ಲಿ ಅರ್ಚನೆ? ನಕ್ಷತ್ರ ಯಾವುದು?” ಅಂದರು ಅರ್ಚಕರು.

ಚೇರ್ಮನ್ನರು ಹಲ್ಲು ಕಡಿಯುತ್ತ ಹೇಳಿದರು:

“ಹೆಸರು ಚಿಂಟು. ನಕ್ಷತ್ರ, ಹಾಳಾದ್ದು, ನಮ್ಮ ರಾಜನದ್ದೇ!”