ಸೋದರತ್ತೆಯ ಕುಲಾವಿ

ಹೆಣಿಗೆ ಹೆಂಗಸರಿಗೆ ಮಾತ್ರ ಬರುವ ಕೆಲಸ. ಕೆರೆಯಂಚಿನ ಜಾಲಿಮರದಲ್ಲಿ ಎಲ್ಲರೂ ಹೀಗೆಂದು ನಂಬಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಹಾಗೆಲ್ಲ ಕೇಳುವ ರೂಢಿ ಅಲ್ಲಿರಲಿಲ್ಲ.

ಆ ಮರದ ಪೊಟರೆಯಲ್ಲಿ ಚೆಲುವಿ ಎಂಬ ಅಳಿಲಿಗೆ ಮಗು ಹುಟ್ಟಿತು. ಅಳಿಲಿನ ಮರಿಗೆ ಹುಟ್ಟುವಾಗ ಮೈಮೇಲೆ ಕೂದಲೇ ಇರುವುದಿಲ್ಲ, ಮಕ್ಕಳೇ. ನೋಡಲು ನೆನೆಸಿಟ್ಟ ಶೇಂಗಾಬೀಜದ ಹಾಗಿತ್ತು. ಬಂದವರೆಲ್ಲ "ಎಷ್ಟು ಮುದ್ದಾಗಿದೆ!" ಎಂದರು. ಬಾಣಂತಿಯ ಮುಂದೆ ಹೇಳಬೇಕಾದ ಮಾತು, ಹೇಳಿದರು.

ಮಗುವಿಗೆ ಕುಲಾವಿ ತರಬೇಕಾದವಳು ಸೋದರತ್ತೆ. ಚೆಲುವಿಯ ಗಂಡನಿಗೆ ಅಕ್ಕತಂಗಿಯರಿರಲಿಲ್ಲ. ಹಾಗಾಗಿ ಮೇಲಿನ ಕೊಂಬೆಯ ಸಾತಮ್ಮನೇ ಸೋದರತ್ತೆ ಎಂದು ತೀರ್ಮಾನವಾಯಿತು. ಸಾತಮ್ಮ ಗೀಜಗ ಹಕ್ಕಿ. ಅದರಲ್ಲೂ ಹೆಣ್ಣು. ಇನ್ನೇನು ಬೇಕು?

"ಅತ್ತಿಗೆ, ನಾಮಕರಣಕ್ಕೆ ಕುಲಾವಿ ನೀವೇ ಹೆಣೆಯಬೇಕು," ಎಂದಳು ಚೆಲುವಿ.

ಸಾತಮ್ಮ ಹುಟ್ಟಿದಾಗಿನಿಂದ ಒಂದು ಎಳೆಯನ್ನೂ ಹೆಣೆದವಳಲ್ಲ. ಹಾಗೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಕುಲಾವಿ ಏನು ಮಹಾ! ಅಂಗಿ, ಕಾಲುಚೀಲ ಎಲ್ಲ ಹೆಣೆದು ತರುತ್ತೇನೆ. ಉಣ್ಣೆ ಇದೆಯಾ?"

ಉಣ್ಣೆ ಇತ್ತು. ಕುರಿಮಂದೆ ಹಾದುಹೋದಾಗ ಮುಳ್ಳುಕಂಟಿಗೆ ಸಿಕ್ಕಿಕೊಂಡದ್ದನ್ನು ಚೆಲುವಿ ಬಸುರಿಯಾಗಿದ್ದಾಗ ಹೆಕ್ಕಿ ತಂದು ಹಾಸಿಗೆ ಮಾಡಿಟ್ಟಿದ್ದಳು. ಆ ಹಾಸಿಗೆಯನ್ನೇ ಎತ್ತಿ ಕೊಟ್ಟಳು. ಮಗುವನ್ನು ಬರಿಯ ಮರದ ಮೇಲೆ ಮಲಗಿಸಿ ತನ್ನ ಬಾಲವನ್ನು ಹೊದಿಸಿದಳು.

"ಚಳಿ ಶುರುವಾಗಿದೆ, ಅತ್ತಿಗೆ. ಬೇಗ ಆಗುತ್ತಾ?"

"ನನ್ನ ಮೇಲೆ ನಂಬಿಕೆ ಇಲ್ಲವಾ?"

ನಂಬಿಕೆ ಇತ್ತು. ತೊಂದರೆಯಾದದ್ದು ಅದರಿಂದಲೇ.

ಸಾತಮ್ಮನ ಗಂಡ ಹೊನ್ನಪ್ಪ ಕೊಂಬೆಗೆ ತಲೆಕೆಳಗಾಗಿ ನೇತುಬಿದ್ದು ಗೂಡು ಕಟ್ಟುತ್ತಿದ್ದ. ಹುಲ್ಲಿನ ಎಳೆಯನ್ನು ಒಳಗೆ ತೂರಿಸುವುದು, ಹೊರಗೆ ಎಳೆಯುವುದು, ಇನ್ನೊಂದರ ಕೆಳಗೆ ನುಸುಳಿಸಿ ಬಿಗಿಯುವುದು. ಇದಕ್ಕೆ ಮರದಲ್ಲಿ 'ಕಟ್ಟುವುದು' ಎಂದು ಹೆಸರು. ಗಂಡಸಿನ ಕೆಲಸ.

"ರೀ, ಈ ಎಳೆ ಯಾಕೋ ನಿಲ್ಲುತ್ತಲೇ ಇಲ್ಲ. ಸ್ವಲ್ಪ ನೋಡಿ," ಎಂದಳು ಸಾತಮ್ಮ.

"ಹೆಣಿಗೆ ನನಗೇನೇ ಗೊತ್ತು? ನಾನು ಕಟ್ಟಡದವನು," ಎಂದ ಹೊನ್ನಪ್ಪ, ಕೊಕ್ಕಿನಲ್ಲಿದ್ದ ಎಳೆಯನ್ನು ತೂರಿಸುತ್ತ.

ಕಾಗೆಯಜ್ಜಿ ವಿಚಾರಿಸಲು ಬಂದಳು. "ಎಲ್ಲಿಗೆ ಬಂತಮ್ಮಾ ಹೆಣಿಗೆ?"

ಸಾತಮ್ಮ ಉಣ್ಣೆಯ ಗೋಜಲಿನ ಮೇಲೆ ಕೂತು ರೆಕ್ಕೆ ಅಗಲಿಸಿದಳು. "ಮುಗಿಯುತ್ತಾ ಬಂತು, ಅಜ್ಜಿ."

"ಏಳು, ನೋಡೋಣ."

"ಎದ್ದರೆ ಅಳತೆ ತಪ್ಪುತ್ತದೆ."

ಇತ್ತ ಚೆಲುವಿ ಮಗುವಿನ ಮೇಲಿಂದ ಬಾಲ ತೆಗೆಯುವಂತಿರಲಿಲ್ಲ. ಹೊರಗೆ ಹೋಗಿ ತಿನ್ನುವಂತೆಯೂ ಇರಲಿಲ್ಲ. ನಾಮಕರಣದ ಹೊತ್ತಿಗೆ ಅವಳ ಪಕ್ಕೆಲುಬು ಕಾಣುತ್ತಿತ್ತು.

ಅಂದು ಬೆಳಿಗ್ಗೆ ಕೆರೆಯ ಕಡೆಯಿಂದ ಗಾಳಿ ಜೋರಾಗಿತ್ತು. ಸಾತಮ್ಮ ಉಣ್ಣೆಯ ಉಂಡೆಯೊಂದನ್ನು ತಂದು ಮುಂದಿಟ್ಟಳು.

"ಇದು ತಲೆಗಾ, ಕಾಲಿಗಾ?" ಎಂದಳು ಕಾಗೆಯಜ್ಜಿ.

"ಹೊಸ ನಮೂನೆ, ಅಜ್ಜಿ. ನಿಮ್ಮ ಕಾಲದ್ದಲ್ಲ."

ಚೆಲುವಿ ಅದನ್ನು ಮಗುವಿನ ತಲೆಗೆ ಹಾಕಿದಳು. ಅದು ಬಿಚ್ಚಿಕೊಂಡು ಜಾರಿ ಕೊರಳಿಗೆ ಸುತ್ತಿಕೊಂಡಿತು. ಚೆಲುವಿ ಚೀರಿ ಕಿತ್ತು ತೆಗೆದಳು. ಮಗು ಅಳುವುದನ್ನೂ ಬಿಟ್ಟು ನಡುಗತೊಡಗಿತು.

"ಬರುವುದಿಲ್ಲ ಅಂದಿದ್ದರೆ ನನ್ನ ಮಗುವಿಗೆ ಹಾಸಿಗೆಯಾದರೂ ಉಳಿಯುತ್ತಿತ್ತು, ಅತ್ತಿಗೆ," ಎಂದಳು ಚೆಲುವಿ.

ಸಾತಮ್ಮ ತಲೆ ತಗ್ಗಿಸಿದಳು. "ಬರುವುದಿಲ್ಲ. ನನಗೆ ಬರುವುದಿಲ್ಲ."

"ಹೆಂಗಸಿಗೇ ಬಾರದಿದ್ದರೆ ಇನ್ನು ಯಾರಿಗೆ ಬಂದೀತು?" ಎಂದಳು ಕಾಗೆಯಜ್ಜಿ.

ಹೊನ್ನಪ್ಪ ಕೆಮ್ಮಿದ. "ನೋಡಿ, ಹೆಣಿಗೆ ನನಗೂ ಬರುವುದಿಲ್ಲ. ಬೇಕಿದ್ದರೆ ಮಗುವಿನ ಅಳತೆಗೆ ಒಂದು ಸಣ್ಣ ಗೂಡು ಕಟ್ಟಿಕೊಡುತ್ತೇನೆ."

"ಏನಾದರೂ ಕಟ್ಟು, ಅಣ್ಣ. ಬೇಗ ಕಟ್ಟು!" ಎಂದಳು ಚೆಲುವಿ.

ಹೊನ್ನಪ್ಪ ಗೋಜಲಿನಿಂದ ಉಣ್ಣೆಯ ಎಳೆ ಹಿಡಿದ. ತೂರಿಸಿದ, ಎಳೆದ, ನುಸುಳಿಸಿದ, ಬಿಗಿದ. ಬಿಸಿಲು ಪೊಟರೆಗೆ ಬೀಳುವಷ್ಟರಲ್ಲಿ ಗೂಡು ಸಿದ್ಧವಾಯಿತು. ಅದಕ್ಕೆ ತಲೆಯ ಮೇಲೆ ಕುಲಾವಿ ಇತ್ತು, ನಾಲ್ಕು ತೋಳಿದ್ದವು. ಗೂಡಿನ ಬಾಗಿಲಿಗೆ ಇಳಿಬಿಡುವ ಕೊಳವೆಯನ್ನು ಅವನು ಬಾಲಕ್ಕೆ ಇಟ್ಟಿದ್ದ. ಮಗು ಅದರೊಳಗೆ ಬೆಚ್ಚಗಾಗಿ, ಒಮ್ಮೆ ಅತ್ತು, ನಿದ್ದೆಹೋಯಿತು. ಚೆಲುವಿ ಅಷ್ಟು ದಿನಗಳ ಮೇಲೆ ಹೊರಗೆ ಹೋಗಿ ಹೊಟ್ಟೆತುಂಬ ತಿಂದು ಬಂದಳು.

"ಎಂಥ ಹೆಣಿಗೆ!" ಎಂದಳು ಕಾಗೆಯಜ್ಜಿ.

ಹೊನ್ನಪ್ಪನ ನೆತ್ತಿಯ ಹಳದಿ ಗರಿ ನಿಮಿರಿತು. "ಏನಜ್ಜಿ, ನನ್ನ ಮರ್ಯಾದೆ ತೆಗೆಯುತ್ತೀಯಾ? ಇದು ಹೆಣಿಗೆಯಲ್ಲ, ಗೂಡು. ನಾನು ಕಟ್ಟಿದ್ದು."

"ಹೌದು ಹೌದು, ಗೂಡು," ಎಂದು ಎಲ್ಲರೂ ಒಪ್ಪಿಕೊಂಡರು. ಹೆಣಿಗೆ ಹೆಂಗಸರ ಕೆಲಸ ಎಂಬ ನಂಬಿಕೆಗೆ ಕುಂದು ಬರಲಿಲ್ಲವೆಂದು ಸಮಾಧಾನಪಟ್ಟು ಮನೆಗೆ ಹೋದರು.

ಗೀಜಗಗಳಲ್ಲಿ ಹೆಣೆಯುವುದು ಗಂಡು.

ನೀತಿ: ಬಾರದ ಕೆಲಸವನ್ನು ಬರುವುದಿಲ್ಲ ಎನ್ನಿ, ಬರುವವರು ಪಕ್ಕದಲ್ಲೇ, ತಮಗೆ ಬರುತ್ತದೆಂದು ತಿಳಿಯದೆ, ಕೂತಿರಬಹುದು.