ಏಣಗಿರಿಯ ಬೆನ್ನುಗಲ್ಲು ಮತ್ತು ಬಾಗಿಲಿಲ್ಲದ ದೇವಿ

ಬಹುಯುಗಗಳ ಹಿಂದೆ, ಈ ಏಣಗಿರಿಯ ಸುತ್ತಲೂ ಸೂರ್ಯಕಿರಣವೂ ನುಸುಳಲಾರದಷ್ಟು ನಿಬಿಡವಾದ ಅರಣ್ಯವಿದ್ದ ಕಾಲದಲ್ಲಿ, ಬೊಪ್ಪುಗನೆಂಬ ಬೇಡನು ಪಾಳೆಯಗಾರನೊಬ್ಬನಿಗೆ ಆಜನ್ಮ ದಾಸನಾಗಿ, ಕಾಲಿಗೆ ಕಬ್ಬಿಣದ ಬಳೆ ತೊಟ್ಟು, ಒಡೆಯನ ಬೇಟೆಗೆ ಬಲೆ ಹೂಡುತ್ತಾ ಜೀವಿಸುತ್ತಿದ್ದನು. ಒಂದು ದಿನ ಆ ಬಲೆಗೆ ತುಂಬುಗರ್ಭಿಣಿಯಾದ ಹುಲ್ಲೆಯೊಂದು ಸಿಕ್ಕಿಬಿದ್ದಾಗ, ಛಡಿಯೇಟು ತಪ್ಪದೆಂದು ಬಲ್ಲವನಾಗಿಯೂ ಅವನು ಅದನ್ನು ಬಿಡಿಸಿ ಕಳುಹಿದನು. ತಪೋನಿರತರಾಗಿದ್ದ ಶುಚಿಶ್ರವ ಮಹರ್ಷಿಗಳು ಇದನ್ನು ಕಂಡು ಪ್ರಸನ್ನಚಿತ್ತರಾಗಿ, ಇನ್ನು ಮುಂದೆ ನಿನ್ನನ್ನು ತಡೆಯುವ ವಸ್ತು ಭೂಮಂಡಲದಲ್ಲಿಯೇ ಇಲ್ಲವೆಂದು ವರವಿತ್ತೊಡನೆ, ಕಾಲಿನ ಬಳೆಯು ಒಣಗಿದ ಬಳ್ಳಿಯಂತೆ ಕಳಚಿ ಬಿದ್ದಿತು.

ಬೊಪ್ಪುಗನ ಸಂತೋಷಕ್ಕೆ ಪಾರವೇ ಇರಲಿಲ್ಲ. ಮುಳ್ಳುಪೊದೆಗಳು ಅವನಿಗೆ ದಾರಿ ಬಿಟ್ಟವು, ತುಂಬಿದ ಹೊಳೆಗಳು ಇಬ್ಭಾಗವಾದವು, ಕೋಟೆಯ ಕದಗಳು ತಾವಾಗಿ ತೆರೆದವು. ಹೀಗೆ ವಿಹರಿಸುತ್ತಾ ಒಂದು ಬೇಸಗೆಯಲ್ಲಿ ಈ ಗಿರಿಶಿಖರವನ್ನೇರಿದ ಅವನು, ಗಿರಿದೇವಿಯಾದ ಜಲಾಂಬೆಯ ಕೊಳದ ಅಂಚನ್ನು ಹಿಡಿದು ನಿಲ್ಲಿಸಿದ್ದ ಮಹಾಶಿಲೆಯನ್ನು ಕಂಡು, ನೀರು ಧುಮುಕಿದರೆ ಅದರಡಿ ಕುಣಿಯಬಹುದಲ್ಲಾ ಎಂಬ ಆಸೆಯಿಂದ ಅದನ್ನು ಬೆರಳಿನಿಂದ ಮುಟ್ಟಿದನು. ಶಿಲೆಯು ಉರುಳಿ ಪಾತಾಳದಂತಹ ಕಮರಿಗೆ ಬಿದ್ದಿತು. ಮಧ್ಯಾಹ್ನವೆಲ್ಲಾ ಜಲಧಾರೆಯಲ್ಲಿ ನಲಿದು, ತಣಿದ ಮೇಲೆ ಹಿಂದಿರುಗಿಯೂ ನೋಡದೆ ತನ್ನ ದಾರಿ ಹಿಡಿದನು.

ಮೂರನೆಯ ದಿನ ಅವನು ಹಸಿದು ತಪ್ಪಲಿನ ಕುಂಬಾರರ ಹಳ್ಳಿಗೆ ಬಂದಾಗ, ಮಡಕೆ ಸುಡುವ ಆವಿಗೆಗಳು ಕೊಚ್ಚಿಹೋಗಿದ್ದವು, ಗದ್ದೆಗಳ ಮೇಲೆ ಮೊಳಕಾಲುದ್ದದ ಕೆಸರು ನಿಂತಿತ್ತು. ಮರಿಯಬ್ಬೆಯೆಂಬ ಮುದುಕಿಯು ಇವನಾರೆಂದರಿಯದೆ, ಉಳಿದಿದ್ದ ಅಂಬಲಿಯಲ್ಲಿ ಅರ್ಧವನ್ನು ಬಡಿಸಿ, ಮೇಲಿನ ಕೊಳವನ್ನು ಯಾರೋ ಒಡೆದರೆಂದೂ, ಅದು ಬರಿದಾದರೆ ಊರನ್ನೇ ಬಿಡಬೇಕೆಂದೂ ಹೇಳಿ, ಕೊನೆಗೆ ಮೆಲ್ಲನೆ ಕೇಳಿದಳು: “ನೀರು ಕಂಡು ಅವರು ಆಸೆಪಟ್ಟದ್ದು ತಪ್ಪಲ್ಲ ಕಣಪ್ಪಾ. ಆದರೆ ತೆಗೆದ ಕೈಗೆ ಮುಚ್ಚುವುದಕ್ಕೆ ಬರಲಿಲ್ಲವೇ?”

ಬೊಪ್ಪುಗನು ಅಂಬಲಿಯನ್ನು ಕೆಳಗಿಟ್ಟನು. ಒಡೆದವನು ತಾನೇ ಎಂದು ಆಕೆಗೆ ತಿಳಿಸಿ ಎದ್ದನು. ಎತ್ತ ಹೋದರೂ ತಡೆಯುವವರಿಲ್ಲದ ಆ ಪುರುಷನು ಬೆಟ್ಟದ ದಾರಿಯನ್ನೇ ಹಿಡಿದನು. ಅಡ್ಡಿಯನ್ನು ನೀಗುವ ವರವಿತ್ತೇ ಹೊರತು ಬಂಡೆಯನ್ನೆತ್ತುವ ಬಲವಿರಲಿಲ್ಲವಾದ್ದರಿಂದ, ತನ್ನ ಬೆನ್ನನ್ನೇ ಬಿರುಕಿಗೆ ಆನಿಸಿ ಕುಳಿತು ನೀರನ್ನು ತಡೆದನು. ದಂಡಿಸಲೆಂದು ದೊಣ್ಣೆ ಹಿಡಿದು ಏರಿಬಂದ ಊರವರು, ಚಳಿಗೆ ನೀಲಿಗಟ್ಟಿದ್ದರೂ ಕದಲದ ಅವನನ್ನು ಕಂಡು ದೊಣ್ಣೆಗಳನ್ನು ಕೆಳಗಿಟ್ಟು, ಎರಡು ದಿನ ಕಲ್ಲುಮಣ್ಣು ಹೊತ್ತು, ಹಾಡು ಹೇಳುತ್ತಾ ಅವನ ಇಕ್ಕೆಲಗಳಲ್ಲಿ ಕಟ್ಟೆ ಕಟ್ಟಿದರು.

ಆಗ ಜಲಾಂಬೆಯು ಕೊಳದಿಂದ ಮೇಲೆದ್ದು, ದಾರಿ ತಪ್ಪಿಸಿದ ಈ ವರವನ್ನು ಹಿಂದಕ್ಕೆ ಪಡೆಯಲೇ ಎಂದು ಕೇಳಿದಳು. ಬೊಪ್ಪುಗನು ಕೈಮುಗಿದು ನುಡಿದನು: “ವರ ತಪ್ಪಿಸಲಿಲ್ಲ ತಾಯಿ, ತಪ್ಪಿದವನು ನಾನು. ಅದನ್ನು ನೀನು ಕಿತ್ತುಕೊಂಡರೆ, ನಾಳೆ ನಾನು ನೆಟ್ಟಗೆ ನಡೆದದ್ದೂ ನನ್ನದಾಗುವುದಿಲ್ಲ.”

ದೇವಿಯು ಮನಸಾರೆ ನಕ್ಕಳು. “ಹಾಗಾದರೆ ನಾನೂ ನಿನ್ನಂತೆಯೇ ಇರುವೆ. ನನ್ನ ಗುಡಿಗೆ ಬಾಗಿಲು ಬೇಡ, ನನ್ನ ನೀರಿಗೆ ಕಾವಲು ಬೇಡ. ಬಂದವರೇ ನೋಡಿಕೊಳ್ಳಲಿ” ಎಂದು ಅಪ್ಪಣೆ ಕೊಡಿಸುತ್ತಿರಲು, ಅವನು ಬೆನ್ನು ಆನಿಸಿದ್ದ ಕಟ್ಟೆಯ ಕೆಸರು ಕಲ್ಲಾಗಿ, ಅದರ ನಡುವಿನಿಂದ ಎಳೆಬಿಸಿಲಿನಂತಹ ತೆಳುಧಾರೆಯೊಂದು ಚಿಮ್ಮಿತು. ನೆರೆದವರೆಲ್ಲರೂ ಅದರಡಿ ನಿಂತು ನೆನೆದು ನಲಿದರು. ಮರಿಯಬ್ಬೆಯು ಬೊಪ್ಪುಗನನ್ನೂ ಕೈಹಿಡಿದು ಎಳೆದುಕೊಂಡಳು.

ಮನುಷ್ಯನ ಬೆನ್ನಿನ ಅಚ್ಚಿರುವ ಆ ಕಲ್ಲನ್ನೂ, ಬತ್ತದ ಆ ಧಾರೆಯನ್ನೂ ಭಕ್ತರು ಇಂದಿಗೂ ದರ್ಶಿಸಬಹುದು. ವೈಶಾಖ ಶುದ್ಧ ಸಪ್ತಮಿಯಂದು ಸಹಸ್ರಾರು ಜನರು ಇಲ್ಲಿ ಪರಸ್ಪರ ನೀರೆರಚಿಕೊಂಡು ಆಡಿ, ಇಳಿಯುವ ಮುನ್ನ ತಲೆಗೊಂದು ಬುಟ್ಟಿಯಂತೆ ಕೊಳದ ಹೂಳನ್ನೆತ್ತಿ ಹಾಕುತ್ತಾರೆ. ಎತ್ತಿರೆಂದು ಹೇಳುವವರಿಲ್ಲ, ಎತ್ತಿದವರಾರೆಂದು ನೋಡುವವರೂ ಇಲ್ಲ. ಕೊಳದ ತಳದ ಬೆಣಚುಕಲ್ಲುಗಳು ಮಾತ್ರ ಮೇಲಿನಿಂದಲೇ ಸ್ಪಷ್ಟವಾಗಿ ಕಾಣುತ್ತವೆ.