ನೆರಿಗೆ ಹಿಡಿದರೆ ಎರಡನೇ ಹಂತ

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಸರ್ವಮಂಗಳಮ್ಮ ದಾವಣಗೆರೆಯ ಒಂದು ಹಿರಿಯರ ವಸತಿಗೃಹಕ್ಕೆ ಸೇರಲು ಬಂದಿದ್ದರು. ಕೋಣೆ ಹಿಡಿಸಿತು, ಸಾರೂ ಹಿಡಿಸಿತು. ತಲೆಗೆ ಹತ್ತದ್ದು ದರಪಟ್ಟಿ ಮಾತ್ರ. ಅಲ್ಲಿ ಬಾಡಿಗೆ ಗೊತ್ತುಮಾಡೋದು ಕೋಣೆ ನೋಡಿ ಅಲ್ಲ, ಮನುಷ್ಯರಿಗೆ ಎಷ್ಟು ನೆರವು ಬೇಕು ಅನ್ನೋದನ್ನ ನೋಡಿ. ಎಲ್ಲಾ ತಾವೇ ಮಾಡಿಕೊಳ್ಳೋರ ಮೊದಲನೇ ಹಂತಕ್ಕೆ ಅವರ ಪೆನ್ಷನ್ ಸಾಕು, ನೆರವು ಬೇಕಾದವರ ಎರಡನೆಯದಕ್ಕೆ ಸಾಲದು.

ಮ್ಯಾನೇಜರು ಫಾರಂ ಹಿಡಿದು ಕೇಳಿದರು. "ಸ್ನಾನ?"

"ನಾನೇ."

"ಮಾತ್ರೆ?"

"ನಾನೇ."

"ಬಟ್ಟೆ ಉಡೋದು?"

"ನಾನೇ. ಗಂಜಿ ಹಾಕಿದ ಸೀರೆಯಾದ್ರೆ ಪಕ್ಕದ ಮನೆಯಾಕೆ ನೆರಿಗೆ ಹಿಡೀತಾಳೆ."

"ಉಡುಪಿಗೆ ಪರರ ನೆರವು. ಎರಡನೇ ಹಂತ."

"ಅಲ್ರೀ, ಮದುವೆ ಹೆಣ್ಣಿಗೂ ನೆರಿಗೆ ಹಿಡೀತಾರಲ್ರೀ."

"ನಿಯಮ ಅಂದ್ರೆ ನಿಯಮ, ಅಮ್ಮಾ."

ನಿನ್ನೆಯವರೆಗೆ ಗಟ್ಟಿಯಾಗಿದ್ದ ತಾವು ಒಂದು ಸೀರೆಯಿಂದ ಕೈಲಾಗದವರಾದದ್ದು ಹೇಗೆ ಎಂದು ಸರ್ವಮಂಗಳಮ್ಮನಿಗೆ ಅರ್ಥವಾಗಲಿಲ್ಲ. ಗೊಂದಲದಲ್ಲೇ ಎದುರಿನವರ ಕುತ್ತಿಗೆ ನೋಡಿದರು.

"ಟೈ ಗಂಟು ಚೆನ್ನಾಗಿದೆ. ನೀವೇ ಹಾಕಿದ್ದಾ?"

ಮ್ಯಾನೇಜರು ಮೆತ್ತಗಾದರು. "ಇಲ್ಲ, ನನ್ನ ಹೆಂಡತಿ. ನನಗೆ ಬರಲ್ಲ."

"ಹಂಗಾದ್ರೆ ನಿಮಗೂ ಒಂದು ಫಾರಂ ತೆಗೀರಿ. ಪಕ್ಕದ ಕೋಣೆನೇ ಇರಲಿ, ಜೊತೆಯಾಗುತ್ತೆ."

ಮ್ಯಾನೇಜರು ಟೈ ಮುಟ್ಟಿ ನೋಡಿಕೊಂಡರು. ಫಾರಂನಲ್ಲಿ ಎರಡನೇ ಹಂತ ಅನ್ನೋದನ್ನ ಹೊಡೆದು ಮೊದಲನೇ ಹಂತ ಅಂತ ಬರೆದರು. ಆಮೇಲೆ ದನಿ ತಗ್ಗಿಸಿದರು.

"ಅಮ್ಮಾ, ಈ ವಿಷಯ ನನ್ನ ಹೆಂಡ್ತಿ ಕಿವಿಗೆ ಬೀಳೋದು ಬೇಡ. ನಾಳೆಯಿಂದ ಟೈ ಗಂಟಿಗಿಷ್ಟು ದುಡ್ಡು ಅಂತ ಕೇಳ್ತಾಳೆ."